ಸಾಕ್ಷ್ಯಚಿತ್ರದ ಕೊನೆಗೆ ಬಂದ ಆ ವಚನ ಯಾರದು?

ಪ್ರಶ್ನೆ: ಮೇಡಂ, ನಾನು ಬಾಗಲಕೋಟೆ ಜಿಲ್ಲೆಯ ಒಂದು ಕೈಮಗ್ಗ ನೇಕಾರರ ಸಹಕಾರ ಸಂಘದ ಕಾರ್ಯದರ್ಶಿ. ನಮ್ಮ ಭಾಗದ ನೇಕಾರರ ಬಗ್ಗೆ ಮಾಡಿದ ಸಾಕ್ಷ್ಯಚಿತ್ರವೊಂದನ್ನು ಈಚೆಗೆ ಎಲ್ಲರೂ ಕೂಡಿ ನೋಡಿದೆವು. ಕೊನೆಯಲ್ಲಿ ಮಗ್ಗ ನಡೆಯುತ್ತಿರುವಾಗ ಒಂದು ದನಿ ಹೀಗೆ ಓದುತ್ತದೆ: “ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಕಾಯಕವೇ ಕೈಲಾಸ.” ಕೆಳಗೆ ‘ಬಸವಣ್ಣ’ ಎಂದು ಹೆಸರು ಬರುತ್ತದೆ. ಸಂಘದ ಹೊಸ ಕಟ್ಟಡದ ಬಾಗಿಲ ಪಕ್ಕ ಇದನ್ನು ಕಲ್ಲಿನಲ್ಲಿ ಕೆತ್ತಿಸಬೇಕೆಂದು ಸಭೆಯಲ್ಲಿ ಠರಾವಾಗಿದೆ. ಕಲ್ಲಿಗೆ ಅಡ್ವಾನ್ಸ್ ಕೂಡ ಕೊಟ್ಟಿದ್ದೇವೆ. ಈಗ ನಮ್ಮ ಸದಸ್ಯರೊಬ್ಬರ ಮಗಳು, ಕಾಲೇಜಿನಲ್ಲಿ ಕನ್ನಡ ಓದುತ್ತಿರುವವಳು, “ಇದು ಬಸವಣ್ಣನವರದಲ್ಲ” ಎನ್ನುತ್ತಿದ್ದಾಳೆ. ನೆಟ್‌ನಲ್ಲಿ ಹುಡುಕಿದರೆ ಎಲ್ಲ ಕಡೆ ಬಸವಣ್ಣ ಎಂದೇ ಇದೆ. “ಸಿನಿಮಾ ಮಾಡಿದವರು ತಿಳಿಯದೆ ಹಾಕ್ತಾರಾ?” ಎಂದು ಹಿರಿಯರು ಕೇಳುತ್ತಾರೆ. ಇದರ ಮೂಲ ಎಲ್ಲಿದೆ? ಹುಡುಕುವುದು ಹೇಗೆ? ಕಲ್ಲಿನ ಮೇಲೆ ಏನು ಬರೆಸಬೇಕು?

ಉತ್ತರ: ಆ ಹುಡುಗಿ ಹೇಳಿದ್ದು ಸರಿ. ಈ ವಚನ ಬಸವಣ್ಣನವರದಲ್ಲ, ಅವರ ಕಾಲದವರೇ ಆದ ಆಯ್ದಕ್ಕಿ ಮಾರಯ್ಯನವರದು. ಪೂರ್ತಿ ವಚನ ಹೀಗಿದೆ:

ಕಾಯಕದಲ್ಲಿ ನಿರತನಾದಡೆ
ಗುರುದರ್ಶನವಾದಡೂ ಮರೆಯಬೇಕು,
ಲಿಂಗಪೂಜೆಯಾದಡೂ ಮರೆಯಬೇಕು,
ಜಂಗಮ ಮುಂದೆ ನಿಂದಿದ್ದಡೂ ಹಂಗು ಹರಿಯಬೇಕು.
ಕಾಯಕವೆ ಕೈಲಾಸವಾದ ಕಾರಣ
ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.

ಚಿತ್ರದಲ್ಲಿ ಕೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹಳೆಯ ‘ಆದಡೂ’ ಹೋಗಿ ಇವತ್ತಿನ ಮಾತು ಬಂದಿದೆ. ಜಂಗಮನ ಸಾಲು ಪೂರ್ತಿ ಬಿಟ್ಟುಹೋಗಿದೆ. ‘ಕೈಲಾಸವಾದ ಕಾರಣ’ ಎಂದು ಮುಂದಕ್ಕೆ ಹೋಗಬೇಕಾದ ಮಾತು ‘ಕೈಲಾಸ’ ಎಂದು ಅಲ್ಲೇ ನಿಂತಿದೆ. ಎಲ್ಲಕ್ಕಿಂತ ದೊಡ್ಡ ನಷ್ಟ ಕೊನೆಯ ಸಾಲಿನದು. ಇಡೀ ವಚನದಲ್ಲಿ ಅತಿ ದಿಟ್ಟ ಮಾತು ಅದೇ. ಗುರು, ಲಿಂಗ, ಜಂಗಮ ಹಾಗಿರಲಿ, ನನ್ನ ಅಮರೇಶ್ವರಲಿಂಗವೇ ಆದರೂ ಕಾಯಕದ ಒಳಗೇ ಇದೆ ಎನ್ನುತ್ತಾರೆ ಮಾರಯ್ಯ. ಬರೆದವರ ಗುರುತು ಇದ್ದದ್ದೂ ಅದೇ ಸಾಲಿನಲ್ಲಿ. ಅದನ್ನು ಕತ್ತರಿಸಿದ ಮೇಲೆ ವಚನಕ್ಕೆ ಯಾರ ಹೆಸರನ್ನಾದರೂ ಅಂಟಿಸಬಹುದು. ನಿಮ್ಮ ಚಿತ್ರದಲ್ಲಿ ಆಗಿರುವುದು ಅದೇ.

ವಚನಕಾರರು ಹೆಸರು ಬರೆದು ಸಹಿ ಹಾಕಿದವರಲ್ಲ. ತಮ್ಮ ಇಷ್ಟದೈವದ ಹೆಸರನ್ನು ಕೊನೆಗೆ ಇಟ್ಟರು. ಅದೇ ಅಂಕಿತ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ. ಮಾರಯ್ಯನವರದು ಅಮರೇಶ್ವರಲಿಂಗ. ಅವರ ಹೆಂಡತಿ ಲಕ್ಕಮ್ಮನವರದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಯಾವುದೇ ವಚನದ ಮೂಲ ಹುಡುಕಲು ಹೊರಟಾಗ ನಾನು ಮೊದಲು ನೋಡುವುದು ಇದನ್ನೇ. ಅಂಕಿತವಿಲ್ಲದ ವಚನ ಎಲ್ಲಿ ಕಂಡರೂ, ಇದು ಅರ್ಧ ವಚನ ಎಂದುಕೊಂಡೇ ಶುರು ಮಾಡುತ್ತೇನೆ. ಅಂಕಿತ ಇದ್ದರೂ ಅವಸರ ಬೇಡ. ಚೆನ್ನಬಸವಣ್ಣನವರ ಅಂಕಿತ ‘ಕೂಡಲಚೆನ್ನಸಂಗಮದೇವ’. ನಡುವಿನ ‘ಚೆನ್ನ’ ಕಣ್ಣು ತಪ್ಪಿದರೆ ಸೋದರಳಿಯನ ವಚನ ಸೋದರಮಾವನ ಲೆಕ್ಕಕ್ಕೆ ಹೋಗುತ್ತದೆ. ಈ ತಪ್ಪು ಅಚ್ಚಾದ ಆಮಂತ್ರಣ ಪತ್ರಿಕೆಗಳಲ್ಲೂ ಕಾಣಿಸುತ್ತದೆ.

ಅಂಕಿತದ ವಿಷಯವನ್ನು ನಮ್ಮ ಜನ ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಅಚ್ಚು ಹಾಕಿದ ಪುಸ್ತಕವೊಂದನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಎತ್ತಿಹಿಡಿಯಿತು. ಹಾಗಾಗಿ ಕಲ್ಲಿನ ಮೇಲೆ ಅಂಕಿತ ಬಿಡುವುದು, ತಿದ್ದುವುದು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಈ ಮಾರಯ್ಯ ಯಾರು ಎಂದು ನಿಮ್ಮ ಸಂಘದ ಸಭೆಯಲ್ಲಿ ಕೇಳಿಯೇ ಕೇಳುತ್ತಾರೆ. ಅವರು ದೂರದವರಲ್ಲ. ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವರು, ನಿಮಗೆ ನೆರೆಜಿಲ್ಲೆ. ದಂಪತಿ ಕಲ್ಯಾಣಕ್ಕೆ ಹೋಗಿ ನೆಲೆಸಿದರು. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ಊಟ, ಅದರಲ್ಲೇ ದಾಸೋಹ. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. “ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?” ಎಂದು ಗಂಡನನ್ನೇ ಕೇಳಿದರು. “ಈಸಕ್ಕಿಯಾಸೆ ನಿಮಗೇಕೆ?” ಎಂದರು. ಹೆಚ್ಚಿಗೆ ತಂದದ್ದನ್ನು ಮತ್ತೆ ಸುರಿದು ಬರಲು ಹೇಳಿದರು ಎಂಬುದು ಕಥೆ. ಗಂಡ ಮಾತಿನಲ್ಲಿ ಮೈಮರೆತಾಗ “ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ” ಎಂದು ಎಬ್ಬಿಸಿ ಕಳಿಸಿದವರೂ ಅವರೇ. ಶರಣರ ಸಂವಾದಗಳನ್ನು ವಚನಗಳ ಮೂಲಕ ಕಟ್ಟಿಕೊಡುವ ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಈ ದಂಪತಿಗೆಂದೇ ಒಂದು ಅಧ್ಯಾಯವಿದೆ. ಅಕ್ಕಿ ಆಯ್ದು ಬದುಕಿದ ಮನುಷ್ಯ ಹೇಳಿದ ಮಾತು ಇದು ಎಂದು ಗೊತ್ತಾದಾಗ ಆ ಮಾತಿನ ತೂಕವೇ ಬೇರೆ. ಹೆಸರು ತಪ್ಪಿದರೆ ಹೋಗುವುದು ಬರೀ ಹೆಸರಲ್ಲ, ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಬಸವಣ್ಣನವರ ಹೆಸರು ಬಂದದ್ದು ಹೇಗೆ? ಇದರಲ್ಲಿ ಯಾರ ಕುತಂತ್ರವೂ ಇಲ್ಲ. ಕಾಯಕದ ವಿಚಾರವನ್ನು ಇಡೀ ಶರಣ ಸಮುದಾಯದ ನಡುವೆ ತಂದು ನಿಲ್ಲಿಸಿದವರು ಬಸವಣ್ಣನವರೇ. ಹಾಗಾಗಿ ಆ ಕಾಲದ ಒಳ್ಳೆಯ ಮಾತೆಲ್ಲ ಅವರ ಹೆಸರಿನ ಕಡೆಗೆ ಹರಿಯುತ್ತದೆ. ‘ಕಾಯಕವೇ ಕೈಲಾಸ’ ಎಂಬ ಎರಡು ಪದ ವಚನದಿಂದ ಬೇರ್ಪಟ್ಟು ಶಾಲೆಯ ಗೋಡೆ, ಬ್ಯಾಂಕಿನ ಕ್ಯಾಲೆಂಡರ್, ಬಸ್ಸಿನ ಹಿಂಭಾಗ, ಭಾಷಣ ಎಲ್ಲವನ್ನೂ ಸುತ್ತಿ ಬಂದಿದೆ. ಬಸವಣ್ಣನವರ ವಚನಗಳಲ್ಲಿ ಈ ಎರಡು ಪದ ಹೀಗೆ ಒಟ್ಟಿಗೆ ಸಿಗುವುದಿಲ್ಲ. ಆದರೆ ಅವರ ಬಾಳು ಆ ಮಾತಿಗೆ ಹೊಂದುತ್ತದಲ್ಲ, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಇನ್ನು ಹಿರಿಯರ ಪ್ರಶ್ನೆ, ಸಿನಿಮಾದವರು ತಿಳಿಯದೆ ಹಾಕುತ್ತಾರಾ ಎಂಬುದು. ನಾನು ಪ್ರಕಾಶಕರಿಗೂ ಚಿತ್ರ ಮಾಡುವವರಿಗೂ ಉಲ್ಲೇಖಗಳನ್ನು ಪರಿಶೀಲಿಸಿ ಕೊಡುವ ಕೆಲಸ ಮಾಡುತ್ತೇನೆ. ಅಲ್ಲಿ ಕಂಡಂತೆ ಹೇಳುತ್ತೇನೆ. ನಿರೂಪಣೆ ಬರೆಯುವವರು ಒಬ್ಬರು, ಓದುವವರು ಇನ್ನೊಬ್ಬರು, ಪರದೆಯ ಮೇಲೆ ಅಕ್ಷರ ಕೂರಿಸುವವರು ಮತ್ತೊಬ್ಬರು. ಬರೆದವರು ನೆನಪಿನಿಂದ ಒಂದು ಸಾಲು ಹಾಕಿರುತ್ತಾರೆ. ದೃಶ್ಯ ಇರುವುದು ಕೆಲವೇ ಸೆಕೆಂಡು, ಮಾತು ಅದಕ್ಕೆ ಹೊಂದಬೇಕು. ಎಡಿಟಿಂಗ್ ಹೊತ್ತಿಗೆ ಉದ್ದ ಅನ್ನಿಸಿದ ಸಾಲು ಹೋಗುತ್ತದೆ. ಹಳೆಯ ರೂಪ ಕೇಳುವವರಿಗೆ ತೊಡಕಾದೀತು ಎಂದು ‘ನಿರತನಾದಡೆ’ ಹೋಗಿ ‘ನಿರತನಾದರೆ’ ಬರುತ್ತದೆ. ಕೊನೆಗೆ ಹೆಸರು ಬೇಕಾದಾಗ ಕಾಗದದಲ್ಲಿ ಅಂಕಿತವೇ ಉಳಿದಿರುವುದಿಲ್ಲ, ಎಲ್ಲರಿಗೂ ಗೊತ್ತಿರುವ ಹೆಸರು ಬಂದು ಕೂರುತ್ತದೆ. ನೇಕಾರರನ್ನು ಪ್ರೀತಿಯಿಂದ ಚಿತ್ರಿಸಿದವರೂ ಹೀಗೆ ಮಾಡಬಲ್ಲರು. ಚಿತ್ರ ಚೆನ್ನಾಗಿದೆ ಎಂಬುದು ಅದರ ಪ್ರತಿ ಉಲ್ಲೇಖಕ್ಕೂ ಸಾಕ್ಷಿಯಾಗುವುದಿಲ್ಲ.

ನೆಟ್‌ನ ‘ಎಲ್ಲ ಕಡೆ’ ಕೂಡ ಅಷ್ಟೇ. ಹತ್ತು ಕಡೆ ಒಂದೇ ಕಾಗುಣಿತ, ಒಂದೇ ಕಡೆ ಬಿಟ್ಟ ಸಾಲು, ಒಂದೇ ಅಲ್ಪವಿರಾಮ ಕಂಡರೆ ಅದು ಹತ್ತು ಸಾಕ್ಷಿಯಲ್ಲ. ಒಂದೇ ಬರಹವನ್ನು ಹತ್ತು ಜನ ಎತ್ತಿ ಹಾಕಿದ್ದಾರೆ ಅಂತ ಅರ್ಥ. ಎಷ್ಟು ಜನ ಹೇಳಿದರು ಎಂದು ಎಣಿಸಬೇಡಿ. ಪುಸ್ತಕ, ಸಂಪುಟ, ವಚನ ಸಂಖ್ಯೆ ಕೊಟ್ಟವರು ಯಾರಾದರೂ ಇದ್ದಾರಾ ನೋಡಿ. ಒಬ್ಬರು ಕೊಟ್ಟಿದ್ದರೂ ಸಾಕು, ಅಲ್ಲಿಂದ ದಾರಿ ಸಿಗುತ್ತದೆ.

ಹುಡುಕುವ ಬಗೆಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂದೆ ಇನ್ನೊಂದು ಸಾಲಿಗೂ ನಿಮಗೆ ಬೇಕಾದೀತು.

ಮೊದಲು ಚಿತ್ರದಲ್ಲಿ ಕೇಳಿದ್ದನ್ನು ಇದ್ದ ಹಾಗೇ ಬರೆದುಕೊಳ್ಳಿ. ಎಷ್ಟನೇ ನಿಮಿಷ, ದನಿಯಲ್ಲಿ ಬಂತಾ, ಅಕ್ಷರದಲ್ಲಿ ಬಂತಾ, ಎರಡೂ ಒಂದೇ ರೀತಿ ಇತ್ತಾ ನೋಡಿ. ಕೊನೆಯ ಹೆಸರುಗಳ ಪಟ್ಟಿಯನ್ನು ನಿಲ್ಲಿಸಿ ಓದಿ. ಸಂಶೋಧನೆ, ಸಾಹಿತ್ಯ ಸಲಹೆ ಎಂದು ಯಾರದಾದರೂ ಹೆಸರಿದ್ದರೆ ಅವರನ್ನು ಕೇಳುವುದೇ ಹತ್ತಿರದ ದಾರಿ.

ಆಮೇಲೆ ‘ವಚನ ಸಂಚಯ’ ಜಾಲತಾಣಕ್ಕೆ ಹೋಗಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಅಲ್ಲಿ ಪದ ಹಿಡಿದು ಹುಡುಕಬಹುದು. ಆದರೆ ಬಹಳ ಜನ ಎಡವುವುದೂ ಇಲ್ಲೇ. ಕೇಳಿದ ಸಾಲನ್ನು ಪೂರ್ತಿ ಟೈಪ್ ಮಾಡುತ್ತಾರೆ, ಏನೂ ಸಿಗುವುದಿಲ್ಲ, ‘ಇದು ವಚನವೇ ಅಲ್ಲ’ ಎಂದು ಕೈಬಿಡುತ್ತಾರೆ. ನೀವು ‘ಕಾಯಕವೇ ಕೈಲಾಸ’ ಎಂದು ದೀರ್ಘ ಹಾಕಿ ಹುಡುಕುತ್ತೀರಿ, ಗ್ರಂಥದಲ್ಲಿ ‘ಕಾಯಕವೆ’ ಎಂದು ಹ್ರಸ್ವ ಇರುತ್ತದೆ. ನೀವು ‘ಆದರೆ’ ಎನ್ನುತ್ತೀರಿ, ಅಲ್ಲಿ ‘ಆದಡೆ’ ಇರುತ್ತದೆ. ನಿಮ್ಮದು ‘ನನ್ನ’, ಅಲ್ಲಿರುವುದು ‘ಎನ್ನ’. ಅದಕ್ಕೇ ಸಾಲನ್ನು ಬಿಟ್ಟು ಒಂದೇ ಒಂದು ಪದ ಹಿಡಿಯಿರಿ. ಅದು ಅಪರೂಪದ್ದಾಗಿರಲಿ, ಕಾಲ ಕಳೆದರೂ ರೂಪ ಬದಲಾಗದ್ದಾಗಿರಲಿ. ಇಲ್ಲಿ ‘ಕಾಯಕ’ ಎಂದರೆ ರಾಶಿ ಬರುತ್ತದೆ. ‘ಗುರುದರ್ಶನ’ ಎಂದರೆ ರಾಶಿ ಕರಗುತ್ತದೆ, ‘ಕೈಲಾಸವಾದ’ ಎಂದರೆ ಇನ್ನೂ ಸಣ್ಣದಾಗುತ್ತದೆ.

ನೆಟ್‌ನಲ್ಲಿ ಸಿಗದಿದ್ದರೆ ಗ್ರಂಥದಲ್ಲಿಲ್ಲ ಎಂದು ಅರ್ಥವಲ್ಲ. ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಎಷ್ಟೋ ಕನ್ನಡ ಪಿಡಿಎಫ್‌ಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ, ಇರುವುದಿಲ್ಲ. ಹುಡುಕುವ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಪುಟಗಳ ಫೋಟೊ ತೆಗೆದು ಏರಿಸಿದ ಹಳೆಯ ಪುಸ್ತಕಗಳದೂ ಇದೇ ಪಾಡು.

ಮೂರನೆಯ ಹೆಜ್ಜೆ ಅಚ್ಚಿನ ಪುಸ್ತಕ. ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟದ 15 ಸಂಪುಟಗಳು ನಿಮ್ಮ ಜಿಲ್ಲೆಯ ದೊಡ್ಡ ಗ್ರಂಥಾಲಯದಲ್ಲೋ, ಕನ್ನಡ ಎಂ.ಎ. ಇರುವ ಕಾಲೇಜಿನಲ್ಲೋ, ಮಠದ ಪುಸ್ತಕ ಭಂಡಾರದಲ್ಲೋ ಸಿಗುತ್ತವೆ. ಮೊದಲ ಸಂಪುಟ ಬಸವಣ್ಣನವರದು. ಶರಣೆಯರ ವಚನಗಳಿಗೆ ಪ್ರತ್ಯೇಕ ಸಂಪುಟವಿದೆ, ಲಕ್ಕಮ್ಮನವರು ಅಲ್ಲಿದ್ದಾರೆ. ಮಾರಯ್ಯನವರನ್ನು ಹಲವು ವಚನಕಾರರನ್ನು ಒಟ್ಟಿಗೆ ಸೇರಿಸಿದ ಸಂಕೀರ್ಣ ವಚನ ಸಂಪುಟಗಳಲ್ಲಿ ನೋಡಿ. ಪುಸ್ತಕದ ಹಿಂದೆ ವಚನಗಳ ಮೊದಲ ಸಾಲಿನ ಅಕಾರಾದಿ ಇರುತ್ತದೆ. ಚಿತ್ರಗಳಲ್ಲಿ ಸಾಮಾನ್ಯವಾಗಿ ನಡುವಿನ ಸಾಲನ್ನು ಎತ್ತಿಕೊಳ್ಳುತ್ತಾರೆ, ಹಾಗಾಗಿ ಬರೀ ಅಕಾರಾದಿ ನೋಡಿ ಇಲ್ಲ ಅನ್ನಬೇಡಿ. ವಚನ ಸಿಕ್ಕಮೇಲೆ ಸಂಖ್ಯೆಯ ಜೊತೆಗೆ ಯಾವ ಆವೃತ್ತಿ ಎಂದೂ ಬರೆದುಕೊಳ್ಳಿ. ಆವೃತ್ತಿಯಿಂದ ಆವೃತ್ತಿಗೆ ಸಂಖ್ಯೆ ಬದಲಾಗುತ್ತದೆ, ಬರೀ ಸಂಖ್ಯೆ ಯಾರಿಗೂ ದಾರಿ ತೋರಿಸುವುದಿಲ್ಲ.

ವಚನವೋ, ಹಳೆಯ ಕಾವ್ಯವೋ ಎಂದೇ ತಿಳಿಯದ ಸಾಲಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ತೆರೆಯಿರಿ. ಪದದ ಅರ್ಥದ ಜೊತೆಗೆ, ಅದು ಯಾವ ಕಾವ್ಯ, ಯಾವ ಶಾಸನದಲ್ಲಿ ಬಂದಿದೆ ಎಂದು ಸಾಲು ಸಮೇತ ಕೊಟ್ಟಿದ್ದಾರೆ. ಸಾಲಿನಲ್ಲಿರುವ ಅಪರೂಪದ ಪದದ ಕೆಳಗೆ ನೀವು ಹುಡುಕುತ್ತಿರುವ ಸಾಲೇ ಕೂತಿರುವುದುಂಟು. ನನಗೆ ಇದಕ್ಕಿಂತ ಇಷ್ಟದ ಪುಸ್ತಕ ಇನ್ನೊಂದಿಲ್ಲ.

ಚಿತ್ರ ಇಂಗ್ಲಿಷಿನಲ್ಲಿದ್ದರೆ ಇನ್ನೊಂದು ಎಚ್ಚರ. ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ತಿರುಗಿಸಿ ಅದನ್ನೇ ವಚನ ಎಂದು ಬರೆಯಬೇಡಿ. ವಚನಗಳ ಇಂಗ್ಲಿಷ್ ರೂಪ ಬಳಸುವ ಚಿತ್ರಗಳು ಹೆಚ್ಚಾಗಿ ಎ.ಕೆ. ರಾಮಾನುಜನ್ ಅವರ 1973ರ ಅನುವಾದಕ್ಕೆ ಹೋಗುತ್ತವೆ. ಅಲ್ಲಿ ಕಾಲು, ಕಂಬ, ಚಿನ್ನದ ಶಿಖರ ಎಂದು ಬಂದರೆ ಆ ವಸ್ತುಗಳನ್ನು ಹಿಡಿಯಿರಿ. “ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರ ಹೊನ್ನ ಕಳಶವಯ್ಯಾ” ತಾನಾಗಿ ಸಿಗುತ್ತದೆ.

ತಪ್ಪು ಹೆಸರು, ತಪ್ಪು ಪಾಠ (ಸಾಲಿನ ಪದಗಳೇ ಬದಲಾಗುವುದು) ವಚನಗಳಿಗೆ ಮಾತ್ರ ಬಂದ ಕಷ್ಟವಲ್ಲ. ‘ಮಾನವ ಕುಲ ತಾನೊಂದೆ ವಲಂ’ ಎಂದು ಎಷ್ಟು ವೇದಿಕೆಗಳ ಮೇಲೆ ಬರೆದಿರುವುದಿಲ್ಲ? ಪಂಪ ಬರೆದದ್ದು ‘ಮನುಷ್ಯಜಾತಿ ತಾನೊಂದೆ ವಲಂ’. ಇರುವುದು ಆದಿಪುರಾಣದಲ್ಲಿ, ಜನ ಹುಡುಕುವುದು ಪಂಪಭಾರತದಲ್ಲಿ. ಕವಿರಾಜಮಾರ್ಗದ ‘ಕಾವೇರಿಯಿಂದಮಾ ಗೋದಾವರಿವರಮಿರ್ದ’ ಎಂಬ ಸಾಲು ಬಂದ ಕೂಡಲೇ ಚಿತ್ರಗಳಲ್ಲಿ ‘ನೃಪತುಂಗ’ ಎಂದು ಹಾಕುತ್ತಾರೆ. ಕವಿರಾಜಮಾರ್ಗವನ್ನು 1898ರಲ್ಲಿ ಮೊದಲು ಅಚ್ಚು ಮಾಡಿದ ಕೆ.ಬಿ. ಪಾಠಕರು ಹಾಗೇ ತಿಳಿದಿದ್ದರು. ಗ್ರಂಥ ರಚಿಸಿದವನು ನೃಪತುಂಗನ ಆಸ್ಥಾನದ ಶ್ರೀವಿಜಯ ಎಂಬುದು ಈಗ ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಮಾತು.

ಮಾರಯ್ಯನವರದು ಎಂದು ಎಷ್ಟು ಗಟ್ಟಿಯಾಗಿ ಹೇಳಬಹುದು ಎಂದೂ ನಿಮ್ಮಲ್ಲಿ ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ವಚನಗಳು 12ನೆಯ ಶತಮಾನದವು. ನಮಗೆ ಉಳಿದಿರುವ ಓಲೆಗರಿಗಳು ಹೆಚ್ಚಿನವು ಅದಕ್ಕಿಂತ ಎಷ್ಟೋ ಈಚಿನವು. ಪ್ರತಿ ಮಾಡುವಾಗ ಪಾಠ ಬದಲಾಗಿದೆ, ಸೇರ್ಪಡೆಯೂ ಆಗಿದೆ. ಆ ಗರಿಗಳೂ ಸುಮ್ನೆ ನಮ್ಮ ಕೈಗೆ ಬಂದವಲ್ಲ. ವಿಜಯಪುರದ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಹೊರತಂದ ಮೇಲೆ ದೊಡ್ಡ ದಾರಿ ತೆರೆಯಿತು. ಅಂದಿನಿಂದ ಇಂದಿನವರೆಗೆ ಬಂದ ಸಂಪಾದನೆಗಳು ಈ ವಚನವನ್ನು ಮಾರಯ್ಯನವರ ಹೆಸರಿನಲ್ಲೇ ಇಟ್ಟಿವೆ. ಅಂಕಿತವೂ ಅದನ್ನೇ ಹೇಳುತ್ತದೆ. ಕಲ್ಲಿಗೆ ಇಷ್ಟು ಆಧಾರ ಸಾಕು.

ಈಗ ಕಲ್ಲಿನ ಮಾತು. ಬರೀ ‘ಕಾಯಕವೇ ಕೈಲಾಸ’ ಎಂದು ಕೆತ್ತಿಸಿ ಯಾರ ಹೆಸರೂ ಹಾಕದೆ ಬಿಡಬಹುದು. ತಪ್ಪೇನಿಲ್ಲ, ಖರ್ಚೂ ಕಡಿಮೆ. ಆದರೆ ನೋಡಿದವರು ಮನಸ್ಸಿನಲ್ಲೇ ಬಸವಣ್ಣ ಎಂದು ಸೇರಿಸಿಕೊಳ್ಳುತ್ತಾರೆ, ಮಾರಯ್ಯ ಮತ್ತೆ ಮರೆಯಾಗುತ್ತಾರೆ. ‘ಶರಣರ ನುಡಿ’ ಎಂದು ಹಾಕುವುದು ಸ್ವಲ್ಪ ವಾಸಿ, ಸಭೆಯಲ್ಲಿ ಜಗಳ ಬೇಡ ಎನ್ನುವವರಿಗೆ ಅದು ಹೊಂದುತ್ತದೆ. ನನ್ನನ್ನು ಕೇಳಿದರೆ ಆರೂ ಸಾಲು, ಅಂಕಿತ ಸಮೇತ, ಕೆಳಗೆ ‘ಆಯ್ದಕ್ಕಿ ಮಾರಯ್ಯ’ ಎಂದು ಬರೆಸಿ. ಅಕ್ಷರ ಹೆಚ್ಚಾಗಿ ಕೆತ್ತನೆಯ ಖರ್ಚು ಏರುತ್ತದೆ ನಿಜ. ಇನ್ನೊಂದು ಅಪಾಯವನ್ನೂ ಮೊದಲೇ ಹೇಳುತ್ತೇನೆ. ಗುರುದರ್ಶನ, ಲಿಂಗಪೂಜೆ ಮರೆಯಬೇಕು ಎಂಬ ಮಾತನ್ನು ಬಾಗಿಲಲ್ಲಿ ಕಂಡು ಯಾರಾದರೂ ಬೇಸರಪಟ್ಟಾರು. ಕೊನೆಯ ಸಾಲು ಇದ್ದರೆ ಅದೇ ಅವರಿಗೆ ಉತ್ತರ ಕೊಡುತ್ತದೆ. ಚಿತ್ರದಲ್ಲಿದ್ದ ಹಾಗೆ ಅರ್ಧಕ್ಕೆ ನಿಲ್ಲಿಸಿದರೆ ಉತ್ತರ ಇರುವುದಿಲ್ಲ.

ಬಸವಣ್ಣನವರ ಹೆಸರೇ ಬೇಕು ಎಂದು ಹಿರಿಯರು ಪಟ್ಟು ಹಿಡಿದರೆ ಅವರ ವಚನವನ್ನೇ ಹಾಕಿ. “ಕಾಸಿ ಕಮ್ಮಾರನಾದ, ಬೀಸಿ ಮಡಿವಾಳನಾದ, ಹಾಸನಿಕ್ಕಿ ಸಾಲಿಗನಾದ” ಎಂದು ಅವರು ಹೇಳಿದ್ದಾರೆ. ಹಾಸು ಹಾಕಿ ನೇಕಾರನಾದ ಎಂಬ ಆ ಮಾತು ನಿಮ್ಮ ಬಾಗಿಲಿಗೆ ಹೇಳಿ ಬರೆಸಿದಂತಿದೆ. ನೇಕಾರರೇ ಆಗಿದ್ದ ವಚನಕಾರರ ಸಾಲು ಬೇಕೆಂದರೆ ಜೇಡರ ದಾಸಿಮಯ್ಯನವರು ಇದ್ದಾರೆ. ‘ಉಂಕಿಯ ನಿಗುಚಿ’ ಎಂದು ಶುರುವಾಗುವ ವಚನವನ್ನು ನಿಮ್ಮ ಹಿರಿಯ ನೇಕಾರರ ಮುಂದೆ ಓದಿ, ಒಳಗಿನ ಮಗ್ಗದ ಪದಗಳು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತವೆ. ಅದು ಮುಗಿಯುವುದು ಹೀಗೆ: “ಈ ಸೀರೆಯ ನೆಯ್ದವ ನಾನೊ ನೀನೊ ರಾಮನಾಥ.”

ಹಕ್ಕುಸ್ವಾಮ್ಯದ ಚಿಂತೆ ವಚನಕ್ಕೆ ಇಲ್ಲ. ಆದರೆ ಚಿತ್ರದಲ್ಲಿ ಓದಿದ ದನಿಯನ್ನು ಕತ್ತರಿಸಿ ನಿಮ್ಮ ಉದ್ಘಾಟನೆಯ ವಿಡಿಯೊದಲ್ಲಿ ಹಾಕುವುದಾದರೆ ಚಿತ್ರದವರ ಅನುಮತಿ ಬೇಕು. ಮುಂದೆ ಯಾವತ್ತಾದರೂ ಬೇಂದ್ರೆಯವರ ಸಾಲು ಹಾಕಿಸೋಣ ಎಂದುಕೊಂಡರೆ ಲೆಕ್ಕ ಬೇರೆ. ಅವರು ತೀರಿಕೊಂಡದ್ದು 1981ರಲ್ಲಿ. ನಮ್ಮ ಕಾನೂನಿನ 60 ವರ್ಷದ ಲೆಕ್ಕದಲ್ಲಿ 2041ರ ಕೊನೆಯವರೆಗೆ ಹಕ್ಕು ಅವರ ವಾರಸುದಾರರದು.

ಚಿತ್ರದವರಿಗೂ ಒಂದು ಕಾಗದ ಬರೆಯಿರಿ. ಆಕ್ಷೇಪಣೆಯ ಧಾಟಿ ಬೇಡ. ಚಿತ್ರ ಇಷ್ಟವಾಯಿತು, ಇಂಥ ನಿಮಿಷದಲ್ಲಿ ಬರುವ ವಚನ ಆಯ್ದಕ್ಕಿ ಮಾರಯ್ಯನವರದು, ಸಂಪುಟದ ಪುಟದ ಫೋಟೊ ಇದರ ಜೊತೆಗಿದೆ, ಮುಂದಿನ ಪ್ರದರ್ಶನದ ಹೊತ್ತಿಗೆ ಹೆಸರು ಸರಿಪಡಿಸಬಹುದೇ ಎಂದು ಕೇಳಿ. ಪರದೆಯ ಮೇಲಿನ ಹೆಸರು ಬದಲಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಪುಟ ಸಮೇತ ತೋರಿಸಿದಾಗ ಬೇಡ ಎಂದವರನ್ನು ನಾನು ಅಷ್ಟಾಗಿ ಕಂಡಿಲ್ಲ.

ಕೆತ್ತುವವರಿಗೆ ಫೋನಿನಲ್ಲಿ ಬಂದ ಮೆಸೇಜ್ ಕಳಿಸಬೇಡಿ, ಈ ನನ್ನ ಉತ್ತರವನ್ನೂ ಕಳಿಸಬೇಡಿ. ಸಂಪುಟದ ಪುಟವನ್ನೇ ಜೆರಾಕ್ಸ್ ಮಾಡಿ ಕೊಡಿ. ಕಲ್ಲಿನ ಅಳತೆಗೆ ಕಾಗದದ ಮೇಲೆ ಅಕ್ಷರ ಬರೆಸಿ, ಆ ಹುಡುಗಿಯನ್ನೂ ಕೂರಿಸಿಕೊಂಡು ಒಂದೊಂದೇ ಅಕ್ಷರ ಪುಟದ ಜೊತೆ ತಾಳೆ ನೋಡಿ. ‘ಆದಡೂ’ ಎಂಬಲ್ಲಿ ಡಿಟಿಪಿಯವರು ‘ಆದರೂ’ ಮಾಡಿರುತ್ತಾರೆ. ‘ಕಾಯಕದೊಳಗು’ ಕಂಡರೆ ಅಚ್ಚಿನ ತಪ್ಪು ಎಂದು ಭಾವಿಸಿ ‘ಕಾಯಕದೊಳಗೆ’ ಎಂದು ತಿದ್ದುತ್ತಾರೆ. ಎರಡನ್ನೂ ಮತ್ತೆ ಮೊದಲಿನಂತೆ ಮಾಡಿಸಿ, ಅಧ್ಯಕ್ಷರ ಸಹಿ ಹಾಕಿಸಿ. ಆಮೇಲೆ ಉಳಿ ಹಿಡಿಯಲು ಹೇಳಿ.